ಲೇಡಿ ಫ್ಲೋರಾ ಹೇಸ್ಟಿಂಗ್ಸ್: ಅರಮನೆಯ ಒಂದು ಅಪವಾದದ ಕಥೆ

ಅರಸರ ಚರಿತ್ರೆಯನ್ನು ನಾವು ವಿಸ್ತಾರವಾಗಿ ಓದುತ್ತೇವೆ. ಅರಸರ ಬಳಿಯಲ್ಲಿದ್ದು ಬಾಳಿದವರ ಚರಿತ್ರೆಯನ್ನು ಓದುವುದು ಕಡಮೆ. ವಿಕ್ಟೋರಿಯಾ ರಾಣಿಯು ೧೮೩೭ರಿಂದ ೧೯೦೧ರ ವರೆಗೆ ಅರುವತ್ತಮೂರು ವರ್ಷಗಳಿಗೂ ಮಿಕ್ಕಿ ರಾಜ್ಯವಾಳಿದಳೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಆ ದೀರ್ಘವಾದ ಆಳ್ವಿಕೆಯ ಮೊದಲಲ್ಲಿಯೇ, ೧೮೩೯ನೆಯ ವರ್ಷದಲ್ಲಿ, ಲಂಡನ್ನಿನ ಜನರು ಆಕೆಯನ್ನು ಬಹಿರಂಗವಾಗಿ ಹಳಿದರೆಂಬುದೂ, ಅದಕ್ಕೆ ಕಾರಣ ಯುದ್ಧವಲ್ಲ, ತೆರಿಗೆಯಲ್ಲ, ಒಬ್ಬ ಅವಿವಾಹಿತೆಯ ಮೇಲೆ ಅರಮನೆಯೊಳಗೆ ಹುಟ್ಟಿದ ಒಂದು ಅಪವಾದವೆಂಬುದೂ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಅಪವಾದಕ್ಕೆ ಗುರಿಯಾದವಳು ಲೇಡಿ ಫ್ಲೋರಾ ಹೇಸ್ಟಿಂಗ್ಸ್. ಆಕೆಯ ಬಾಳಿನ ಕಥೆಯೇ ಇಂದು ನಾವು ತೆಗೆದುಕೊಂಡಿರುವ ವಿಷಯ. ಕಥೆಯು ದುಃಖಕರವಾದುದಾದರೂ, ಗಾಳಿಮಾತು ಹೇಗೆ ಹುಟ್ಟಿ ಹೇಗೆ ಬಲಿತು ಕೊನೆಗೆ ಅಧಿಕಾರದ ಮುದ್ರೆಯನ್ನು ಪಡೆಯುತ್ತದೆಂಬುದನ್ನು ಅದು ಚೆನ್ನಾಗಿ ವಿಶದಪಡಿಸುವುದರಿಂದ ಕೇಳತಕ್ಕದ್ದಾಗಿದೆ.

ಫ್ಲೋರಾ ಹುಟ್ಟಿದ್ದು ೧೮೦೬ನೆಯ ಫೆಬ್ರವರಿ ೧೧ರಂದು, ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರದಲ್ಲಿ. ತಾಯಿ ಫ್ಲೋರಾ ಮ್ಯೂರ್ ಕ್ಯಾಂಬೆಲ್ ಸ್ಕಾಟ್ಲೆಂಡಿನ ಲೌಡನ್ ಮನೆತನದವಳು. ಪತಿಯ ಮೂಲಕವಲ್ಲದೆ ತನ್ನ ಸ್ವಂತ ಹಕ್ಕಿನಿಂದಲೇ ಕೌಂಟೆಸ್ ಪದವಿಯನ್ನು ಹೊಂದಿದ್ದವಳು. ಎಯರ್‌ಷೈರ್ ಪ್ರಾಂತದಲ್ಲಿ ಈ ಮನೆತನಕ್ಕೆ ದೊಡ್ಡದೊಂದು ಕೋಟೆಮನೆಯಿತ್ತು. ತಂದೆಯು ಮಾತ್ರ ಹಿಂದೂದೇಶದ ಚರಿತ್ರೆಯನ್ನು ಓದಿದವರಿಗೆ ಅಪರಿಚಿತನಲ್ಲ. ಅವನೇ ೧೮೧೩ರಿಂದ ೧೮೨೩ರ ವರೆಗೆ ಇಲ್ಲಿ ಗವರ್ನರ್ ಜನರಲ್ ಆಗಿದ್ದ ಮಾರ್ಕ್ವಿಸ್ ಆಫ್ ಹೇಸ್ಟಿಂಗ್ಸ್. ಅವನಿಗೆ ಹಿಂದಿನವನಾದ ವಾರನ್ ಹೇಸ್ಟಿಂಗ್ಸನೇ ಬೇರೆ, ಇವನೇ ಬೇರೆ. ಹೆಸರೊಂದೇ ಇರುವುದರಿಂದ ಗೊಂದಲಕ್ಕೆ ಎಡೆಯಾಗಬಾರದು. ೧೮೧೭-೧೮ರಲ್ಲಿ ನಡೆದ ಕೊನೆಯ ಮರಾಠಾ ಯುದ್ಧವು ಇವನ ಕಾಲದ್ದು. ಪೇಶ್ವೆಯ ಆಡಳಿತವು ಅಳಿದು ಧಾರವಾಡದ ಸೀಮೆಯು ಕಂಪೆನಿಯ ವಶಕ್ಕೆ ಬಂದದ್ದು ಆ ಯುದ್ಧದ ಫಲವಾಗಿಯೇ. ಹೀಗೆ ನಾವು ಹೇಳಹೊರಟಿರುವ ಸ್ತ್ರೀಯ ತಂದೆಯ ಕಾರ್ಯವು ಕನ್ನಡನಾಡಿನ ಒಂದು ಭಾಗದ ಭವಿಷ್ಯವನ್ನೂ ಮುಟ್ಟಿತ್ತು.

ಇಷ್ಟು ದೊಡ್ಡ ಅಧಿಕಾರವನ್ನು ನಡೆಸಿದವನು ಧನವಂತನಾಗಿ ಊರಿಗೆ ಮರಳಲಿಲ್ಲ. ಸಾಲದ ಹೊರೆಯಿಂದ ಬಿಡುಗಡೆಯಾಗದೆ ಮುಪ್ಪಿನಲ್ಲಿ ಮಾಲ್ಟಾ ದ್ವೀಪದ ಗವರ್ನರನಾಗಿ ಹೋಗಬೇಕಾಯಿತು. ೧೮೨೬ರ ನವೆಂಬರಿನಲ್ಲಿ ನೇಪಲ್ಸಿನ ಸಮೀಪ ಸಮುದ್ರದ ಮೇಲೆ ಅವನು ತೀರಿಕೊಂಡನು. ತನ್ನ ಬಲಗೈಯನ್ನು ಕತ್ತರಿಸಿಟ್ಟು, ಹೆಂಡತಿಯು ಸತ್ತಾಗ ಆಕೆಯ ಪೆಟ್ಟಿಗೆಯಲ್ಲಿರಿಸಿ ಹೂಳಬೇಕೆಂದು ಅವನು ಕೇಳಿಕೊಂಡಿದ್ದನಂತೆ; ಹಾಗೆಯೇ ಆ ಕೈಯು ಲೌಡನ್ನಿಗೆ ಬಂದಿತು. ಪದವಿಯಲ್ಲಿ ಉನ್ನತರೂ ಸಂಪತ್ತಿನಲ್ಲಿ ಸಾಧಾರಣರೂ ಆಗಿ, ಮಾನವನ್ನೇ ಮುಖ್ಯ ಆಸ್ತಿಯೆಂದು ಭಾವಿಸಿದ್ದ ಇಂಥ ಕುಟುಂಬದ ಹಿರಿಯ ಮಗಳು ಫ್ಲೋರಾ.

೧೮೩೪ರಲ್ಲಿ, ತನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಫ್ಲೋರಾ ಕೆಂಟಿನ ಡಚೆಸ್‌ಳ ಸಖಿಯಾಗಿ ನೇಮಕಗೊಂಡಳು. ಈ ಡಚೆಸ್ಸಳು ವಿಕ್ಟೋರಿಯಾಳ ತಾಯಿ. ಅರಮನೆಯ ಸಖಿಯೆಂದರೆ ಊಳಿಗದ ಹೆಂಗಸೆಂದು ಎಣಿಸಬಾರದು. ಆ ದೇಶದ ಪದ್ಧತಿಯಂತೆ ರಾಣಿಯ ಮತ್ತು ರಾಜಕುಟುಂಬದ ಸ್ತ್ರೀಯರ ಜೊತೆಯಲ್ಲಿರಲು ಕುಲೀನ ಮನೆತನಗಳ ಹೆಣ್ಣುಮಕ್ಕಳನ್ನು ಆರಿಸಿಕೊಳ್ಳುತ್ತಿದ್ದರು. ಊಟದ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು, ಸವಾರಿಯಲ್ಲಿ ಜೊತೆಗೂಡುವುದು, ಕಾಗದಪತ್ರಗಳನ್ನು ಬರೆಯುವುದು, ಬೇಸರವಾದಾಗ ಓದಿ ಹೇಳುವುದು ಇವೇ ಅವರ ಕೆಲಸ. ಸಂಬಳಕ್ಕಿಂತಲೂ ಗೌರವವೇ ಹೆಚ್ಚು. ಆದರೆ ಆ ಗೌರವವೆಲ್ಲವೂ ಒಡತಿಯ ಮನಸ್ಸಿನ ಮೇಲೂ, ತಮ್ಮ ನಡತೆಯ ವಿಷಯದಲ್ಲಿ ಲೋಕಕ್ಕಿದ್ದ ನಂಬಿಕೆಯ ಮೇಲೂ ನಿಂತಿತ್ತು. ನಂಬಿಕೆಯು ಹೋದರೆ ಪದವಿಯೂ ಹೋಯಿತು, ಮುಂದಿನ ಬಾಳೂ ಹೋಯಿತು.

ಫ್ಲೋರಾ ಸೇರಿದ ಮನೆಯು ಶಾಂತವಾದ ಮನೆಯಾಗಿರಲಿಲ್ಲ. ವಿಕ್ಟೋರಿಯಾಳು ಎಂಟು ತಿಂಗಳ ಕೂಸಾಗಿದ್ದಾಗಲೇ, ೧೮೨೦ರಲ್ಲಿ, ತಂದೆಯು ತೀರಿಕೊಂಡಿದ್ದನು. ತಾಯಿಯ ಮನೆವಾರ್ತೆಯನ್ನೆಲ್ಲ ಸರ್ ಜಾನ್ ಕಾನ್ರಾಯ್ ಎಂಬವನು ನೋಡಿಕೊಳ್ಳುತ್ತಿದ್ದನು. ಇವನು ಸಮರ್ಥನೂ ಮಹತ್ವಾಕಾಂಕ್ಷಿಯೂ ಆಗಿದ್ದವನು. ಮಗಳು ಎಳೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದರೆ ತಾಯಿಯೇ ರಾಜಪ್ರತಿನಿಧಿಯಾಗುವಳು, ತಾಯಿಯ ಹೆಸರಿನಲ್ಲಿ ತಾನೇ ಆಳಬಹುದೆಂದು ಅವನ ಲೆಕ್ಕ. ಅದಕ್ಕಾಗಿ ರಾಜಕುಮಾರಿಯನ್ನು ಹೊರಗಿನವರಿಂದ ಬೇರೆಯಾಗಿ, ಬಿಗಿಯಾದ ಕಾವಲಿನಲ್ಲಿ ಬೆಳೆಸಿದರು. ಪಟ್ಟಕ್ಕೆ ಬರುವ ದಿನದ ವರೆಗೂ ಆಕೆ ತಾಯಿಯ ಕೋಣೆಯಲ್ಲಿಯೇ ಮಲಗಬೇಕಾಗಿತ್ತು; ಯಾರಾದರೂ ಕೈ ಹಿಡಿದುಕೊಳ್ಳದೆ ಮೆಟ್ಟಿಲಿಳಿಯುವುದಕ್ಕೂ ಅಪ್ಪಣೆಯಿರಲಿಲ್ಲ. ೧೮೩೫ರಲ್ಲಿ ಆಕೆ ರಾಮ್ಸ್‌ಗೇಟಿನಲ್ಲಿ ಕಾಯಿಲೆಯಾಗಿ ಮಲಗಿದ್ದಾಗ, ಕಾನ್ರಾಯನನ್ನು ಮುಂದೆ ತನ್ನ ಆಪ್ತಕಾರ್ಯದರ್ಶಿಯನ್ನಾಗಿ ಮಾಡಿಕೊಳ್ಳುವೆನೆಂದು ಬರೆದುಕೊಡಬೇಕೆಂದು ಬಲಾತ್ಕರಿಸಿದರು. ಹುಡುಗಿಯು ಒಪ್ಪಲಿಲ್ಲ. ಆ ದಿನಗಳ ನೋವನ್ನು ಆಕೆ ಮರೆಯಲೂ ಇಲ್ಲ.

ಫ್ಲೋರಾ ಡಚೆಸ್ಸಳ ಪಕ್ಷದವಳು. ಆದಕಾರಣ ಕಾನ್ರಾಯನಿಗೂ ಸ್ನೇಹಿತೆ. ರಾಜಕುಮಾರಿಯ ಉಪಾಧ್ಯಾಯಿನಿಯಾದ ಬ್ಯಾರನೆಸ್ ಲೇಜೆನಳು ಎದುರು ಪಕ್ಷದವಳು. ಫ್ಲೋರಾ ಬುದ್ಧಿವಂತೆ, ಚತುರವಾದ ಮಾತುಳ್ಳವಳು, ಕವಿತೆಗಳನ್ನು ಬರೆಯಬಲ್ಲವಳು. ಹಾಸ್ಯವು ಒಮ್ಮೊಮ್ಮೆ ಚುಚ್ಚುವಂತೆಯೂ ಇರುತ್ತಿತ್ತು. ತನ್ನನ್ನು ಕಾವಲಿಟ್ಟವರಲ್ಲಿ ಇವಳೂ ಒಬ್ಬಳೆಂಬ ಭಾವನೆಯು ವಿಕ್ಟೋರಿಯಾಳಲ್ಲಿ ಬೇರೂರಿತ್ತು. ಆ ಭಾವನೆಯಲ್ಲಿ ಕೇವಲ ಅನ್ಯಾಯವೇ ಇತ್ತೆಂದು ನಾವು ಹೇಳಲಾರೆವು. ಆದರೆ ಹಳೆಯ ವೈಮನಸ್ಯವೇ ಹೊಸ ಸಂಶಯಕ್ಕೆ ಪ್ರಮಾಣವಾದಾಗ ಏನಾಗುತ್ತದೆಂಬುದನ್ನು ಮುಂದೆ ನೋಡಬಹುದು.

೧೮೩೭ರ ಜೂನ್ ೨೦ರಂದು ವಿಕ್ಟೋರಿಯಾ ರಾಣಿಯಾದಳು. ಆಗ ಆಕೆಗೆ ಹದಿನೆಂಟು ವರ್ಷ ತುಂಬಿ ಒಂದು ತಿಂಗಳೂ ಆಗಿರಲಿಲ್ಲವಾದರೂ, ಹದಿನೆಂಟು ತುಂಬಿದ್ದುದರಿಂದ ರಾಜಪ್ರತಿನಿಧಿಯ ಅಗತ್ಯವಿರಲಿಲ್ಲ. ಕಾನ್ರಾಯನ ಆಸೆಯು ಮಣ್ಣುಗೂಡಿತು. ಆದರೂ ಅವಿವಾಹಿತೆಯಾದ ರಾಣಿಯು ಒಂಟಿಯಾಗಿರುವುದು ಅಂದಿನ ಮರ್ಯಾದೆಗೆ ಹೊಂದದ ಕಾರಣ, ತಾಯಿಯೂ ಆಕೆಯ ಪರಿವಾರವೂ ಬಕಿಂಗ್‌ಹ್ಯಾಮ್ ಅರಮನೆಯಲ್ಲಿಯೇ ಉಳಿದರು. ಒಂದೇ ಸೂರಿನಡಿಯಲ್ಲಿ ಎರಡು ಪರಿವಾರಗಳು, ಎರಡು ಪಕ್ಷಗಳು. ಇದರ ಮೇಲೆ ರಾಜಕೀಯವೂ ಸೇರಿತು. ಪ್ರಧಾನಮಂತ್ರಿ ಮೆಲ್ಬರ್ನ್ ಪ್ರಭುವು ವ್ಹಿಗ್ ಪಕ್ಷದವನು. ಎಳೆಯ ರಾಣಿಗೆ ತಂದೆಯಂತಿದ್ದು ದಿನವೂ ಬುದ್ಧಿ ಹೇಳುತ್ತಿದ್ದವನು. ರಾಣಿಯ ಸಖಿಯರೂ ಹೆಚ್ಚಾಗಿ ವ್ಹಿಗ್ ಮನೆತನದವರೇ. ಹೇಸ್ಟಿಂಗ್ಸ್ ಕುಟುಂಬವಾದರೋ ಟೋರಿ ಪಕ್ಷಕ್ಕೆ ಸೇರಿದುದು.

೧೮೩೮ರ ಕ್ರಿಸ್ಮಸ್ ಹಬ್ಬವನ್ನು ಸ್ಕಾಟ್ಲೆಂಡಿನಲ್ಲಿ ತಾಯಿಯೊಡನೆ ಕಳೆದು, ಜನವರಿಯಲ್ಲಿ ಫ್ಲೋರಾ ಲಂಡನ್ನಿಗೆ ಮರಳಿದಳು. ಪ್ರಯಾಣದಲ್ಲಿ ಕಾನ್ರಾಯನೂ ಅದೇ ಗಾಡಿಯಲ್ಲಿ ಬಂದನು. ಬಂದವಳಿಗೆ ಹೊಟ್ಟೆನೋವು, ವಾಕರಿಕೆ, ಹೊಟ್ಟೆಯು ಉಬ್ಬಿಕೊಂಡಿತ್ತು. ಜನವರಿ ೧೦ರಂದು ಅರಮನೆಯ ವೈದ್ಯನಾದ ಸರ್ ಜೇಮ್ಸ್ ಕ್ಲಾರ್ಕನಿಗೆ ಹೇಳಿಕಳುಹಿಸಿದಳು. ಅವನು ಗುಳಿಗೆಗಳನ್ನೂ ಹಚ್ಚಿಕೊಳ್ಳಲು ಕರ್ಪೂರದ ಲೇಪವನ್ನೂ ಕೊಟ್ಟನು. ರೋಗವಿಂಥದೆಂದು ನಿರ್ಧರಿಸಲು ಅವನಿಂದಾಗಲಿಲ್ಲ.

ಇಲ್ಲಿ ಅಂದಿನ ವೈದ್ಯಶಾಸ್ತ್ರದ ಸ್ಥಿತಿಯನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಶರೀರದೊಳಗನ್ನು ತೋರಿಸುವ ಎಕ್ಸ್ ಕಿರಣಗಳು ತಿಳಿದುಬಂದದ್ದು ೧೮೯೫ರಲ್ಲಿ; ಮೂತ್ರವನ್ನು ಪರೀಕ್ಷಿಸಿ ಗರ್ಭವಿದೆಯೋ ಇಲ್ಲವೋ ಎಂದು ನಂಬತಕ್ಕ ರೀತಿಯಲ್ಲಿ ಹೇಳುವ ಕ್ರಮವು ಬಂದದ್ದು ೧೯೨೦ರ ದಶಕದ ಕೊನೆಯಲ್ಲಿ. ೧೮೩೯ರ ವೈದ್ಯನಿಗೆ ಕಣ್ಣು, ಕಿವಿ, ಕೈಗಳೇ ಸಾಧನ. ಕುಲೀನ ಸ್ತ್ರೀಯರ ವಿಷಯದಲ್ಲಿ ಕೈಯನ್ನೂ ಧಾರಾಳವಾಗಿ ಉಪಯೋಗಿಸುವಂತಿರಲಿಲ್ಲ. ಉಡುಪಿನ ಮೇಲಿಂದಲೇ ಮುಟ್ಟಿ ನೋಡಿ, ಕೇಳಿದ ಪ್ರಶ್ನೆಗೆ ಬಂದ ಉತ್ತರದಿಂದ ಊಹೆಮಾಡಬೇಕು. ಯಕೃತ್ತಿನ ಬಾವು, ಗೆಡ್ಡೆ, ನೀರು ತುಂಬಿಕೊಳ್ಳುವುದು ಇವೆಲ್ಲವೂ ಹೊರಗಿನ ನೋಟಕ್ಕೆ ಗರ್ಭದಂತೆಯೇ ಕಾಣಬಹುದು. ಇದು ಯಾವ ಅನುಭವಶಾಲಿ ವೈದ್ಯನಿಗೂ ತಿಳಿದಿರಬೇಕಾದ ವಿಷಯ. ನಿಶ್ಚಯವಿಲ್ಲದಲ್ಲಿ ಮೌನವಾಗಿರುವುದು ವೈದ್ಯನ ಧರ್ಮ. ಕ್ಲಾರ್ಕನು ಆ ಧರ್ಮವನ್ನು ಪಾಲಿಸಲಿಲ್ಲ.

ಅರಮನೆಯ ಹೆಂಗಸರ ಕಣ್ಣುಗಳು ವೈದ್ಯನಿಗಿಂತ ಮುಂಚೆಯೇ ತೀರ್ಪನ್ನು ಕೊಟ್ಟಿದ್ದವು. ಹೊಟ್ಟೆಯ ಆಕಾರವನ್ನು ಕಂಡು ಪಿಸುಮಾತು ಆರಂಭವಾಯಿತು. ಕಾನ್ರಾಯನೊಡನೆ ಮಾಡಿದ ಪ್ರಯಾಣವು ಜ್ಞಾಪಕಕ್ಕೆ ಬಂದಿತು. ರಾಣಿಯೂ ಲೇಜೆನಳೂ ಸಂಶಯಪಟ್ಟರು. ಸಖಿಯರಲ್ಲಿ ಹಿರಿಯಳಾದ ಲೇಡಿ ಟೇವಿಸ್ಟಾಕ್ ಫೆಬ್ರವರಿಯ ಮೊದಲಲ್ಲಿ ಸಂಗತಿಯನ್ನು ಮೆಲ್ಬರ್ನನಿಗೆ ತಿಳಿಸಿದಳು. ಅವನು ಕ್ಲಾರ್ಕನನ್ನು ಕರೆಸಿ ಕೇಳಿದನು. ಸದ್ದಿಲ್ಲದೆ ಕಾದು ನೋಡುವುದೇ ಒಳ್ಳೆಯದೆಂಬುದು ಮೆಲ್ಬರ್ನನ ಸಲಹೆ. ಆದರೆ ಕಾದು ನೋಡುತ್ತಿದ್ದವರ ನಾಲಗೆ ಸುಮ್ಮನಿರಲಿಲ್ಲ. ಯಾರ ವಿಷಯವಾಗಿ ಇಷ್ಟೆಲ್ಲ ನಡೆಯುತ್ತಿತ್ತೋ ಆಕೆಯೊಬ್ಬಳಿಗೆ ಮಾತ್ರ ಇದಾವುದೂ ತಿಳಿಯದು. ಔಷಧದಿಂದಲೂ ನಡಿಗೆಯಿಂದಲೂ ಬಾವು ಸ್ವಲ್ಪ ಇಳಿಯುತ್ತಿದೆಯೆಂದೇ ಆಕೆ ನಂಬಿದ್ದಳು.

ಫೆಬ್ರವರಿ ೧೬ರಂದು ಕ್ಲಾರ್ಕನು ಆಕೆಯ ಕೋಣೆಗೆ ಬಂದು, ಗುಟ್ಟಾಗಿ ವಿವಾಹವಾಗಿರುವೆಯೋ ಎಂದು ಕೇಳಿ, ಇರುವುದನ್ನು ಒಪ್ಪಿಕೊಳ್ಳುವುದು ಮೇಲೆಂದು ಹೇಳಿದನು. ಫ್ಲೋರಾ ನಿರಾಕರಿಸಿದಳು. ಹಾಗಾದರೆ ವೈದ್ಯಪರೀಕ್ಷೆಗೆ ಒಳಗಾಗುವುದೊಂದೇ ದಾರಿಯೆಂದು ಅವನು ಹೇಳಿದನು. ನಿರಪರಾಧಿಯೆಂದು ತೋರುವ ವರೆಗೆ ಆಕೆ ರಾಣಿಯ ಎದುರಿಗೆ ಬರಕೂಡದೆಂದೂ ಅಪ್ಪಣೆಯಾಯಿತು. ಮಾರನೆಯ ದಿನವೇ, ೧೭ರಂದು, ಫ್ಲೋರಾ ಪರೀಕ್ಷೆಗೆ ಒಪ್ಪಿದಳು. ಸ್ತ್ರೀರೋಗಗಳಲ್ಲಿ ಪ್ರಸಿದ್ಧನಾಗಿದ್ದ ಸರ್ ಚಾರ್ಲ್ಸ್ ಕ್ಲಾರ್ಕ್ ಎಂಬ ಇನ್ನೊಬ್ಬ ವೈದ್ಯನನ್ನು ಕರೆಸಿದರು. ಹೆಸರುಗಳು ಒಂದೇ ರೀತಿಯಾಗಿ ಕೇಳಿಸಿದರೂ ಇವರಿಬ್ಬರೂ ಬೇರೆಬೇರೆಯವರು. ಇಬ್ಬರು ವೈದ್ಯರೂ, ರಾಣಿಯ ಸಖಿಯಾದ ಲೇಡಿ ಪೋರ್ಟ್‌ಮನ್ನಳೂ, ಫ್ಲೋರಾಳ ದಾಸಿಯೂ ಇದ್ದಂತೆ ಪರೀಕ್ಷೆಯು ನಡೆಯಿತು. ಗರ್ಭವಿದೆಯೆಂದಾಗಲಿ ಹಿಂದೆ ಎಂದಾದರೂ ಇತ್ತೆಂದಾಗಲಿ ನಂಬಲು ಯಾವ ಆಧಾರವೂ ಇಲ್ಲವೆಂದು ಇಬ್ಬರೂ ಬರೆದು ಸಹಿ ಮಾಡಿಕೊಟ್ಟರು.

ನಮ್ಮ ದೇಶದವರಿಗೆ ಈ ಸಂದರ್ಭದಲ್ಲಿ ಸೀತಾದೇವಿಯ ಜ್ಞಾಪಕವು ಬಾರದೆ ಇರದು. ಅಗ್ನಿಯನ್ನು ಹೊಕ್ಕು ಪರಿಶುದ್ಧಳಾಗಿ ಹೊರಬಂದ ಬಳಿಕವೂ ಲೋಕಾಪವಾದವು ಆಕೆಯನ್ನು ಬಿಡಲಿಲ್ಲ. ಫ್ಲೋರಾಳ ವಿಷಯದಲ್ಲಿಯೂ ಹಾಗೆಯೇ ಆಯಿತು. ವೈದ್ಯರು ಕಾಗದದಲ್ಲಿ ಬರೆದುಕೊಟ್ಟದ್ದು ಒಂದು. ಪ್ರಧಾನಿಯ ಮೂಲಕ ರಾಣಿಯ ಕಿವಿಗೆ ಮುಟ್ಟಿದ್ದು ಮತ್ತೊಂದು. ಕನ್ಯೆಯೇ ಆದರೂ ಸಂಶಯಕ್ಕೆ ಇನ್ನೂ ಸ್ವಲ್ಪ ಎಡೆಯಿದೆಯೆಂಬ ಅರ್ಥದ ಮಾತು ಅರಮನೆಯಲ್ಲಿ ಉಳಿದುಕೊಂಡಿತು. ಫೆಬ್ರವರಿ ೨೩ರಂದು ರಾಣಿಯು ಫ್ಲೋರಾಳನ್ನು ಕಂಡು, ಅಪ್ಪಿಕೊಂಡು, ವಿಷಾದವನ್ನು ಸೂಚಿಸಿದಳು. ಡಚೆಸ್ಸಳ ಸಲುವಾಗಿ ಎಲ್ಲವನ್ನೂ ಮರೆಯಲು ಫ್ಲೋರಾ ಒಪ್ಪಿದಳು. ಡಚೆಸ್ಸಳು ಕ್ಲಾರ್ಕನನ್ನು ತನ್ನ ಸೇವೆಯಿಂದ ತೆಗೆದುಹಾಕಿದಳು, ರಾಣಿಯು ತೆಗೆಯಲಿಲ್ಲ. ಈ ಒಂದು ಭೇದವೇ ಮುಂದಿನ ಅನರ್ಥಕ್ಕೆಲ್ಲ ಮೂಲವಾಯಿತು. ತಪ್ಪು ಮಾಡಿದವನು ತನ್ನ ಸ್ಥಾನದಲ್ಲಿಯೇ ಇದ್ದರೆ, ತಪ್ಪೇ ಆಗಿಲ್ಲವೆಂದು ಜನರು ತಿಳಿಯುವುದು ಸಹಜವಷ್ಟೆ.

ಫ್ಲೋರಾಳ ತಮ್ಮನಾದ ಎರಡನೆಯ ಮಾರ್ಕ್ವಿಸನು ರೋಷದಿಂದ ಲಂಡನ್ನಿಗೆ ಬಂದು ಮೆಲ್ಬರ್ನನನ್ನು ಕಂಡನು, ರಾಣಿಯನ್ನೂ ಕಂಡನು. ಈ ಅಪವಾದವನ್ನು ಮೊದಲು ಹುಟ್ಟಿಸಿದವರು ಯಾರೆಂಬ ಪ್ರಶ್ನೆಗೆ ಅವನಿಗೆ ಉತ್ತರವು ದೊರೆಯಲಿಲ್ಲ. ವೃದ್ಧೆಯಾದ ತಾಯಿಯು ಮಾರ್ಚಿಯಲ್ಲಿ ರಾಣಿಗೆ ಪತ್ರ ಬರೆದು ಕ್ಲಾರ್ಕನನ್ನು ತೆಗೆದುಹಾಕಬೇಕೆಂದು ಬೇಡಿದಳು. ಹಿಂದೆಂದೂ ಯಾರೂ ಮಾಡದ ಅನುಚಿತವಾದ ಬೇಡಿಕೆಯಿದೆಂದು ಮೆಲ್ಬರ್ನನು ಬಿರುಸಾಗಿ ಉತ್ತರ ಬರೆದನು. ಡ್ಯೂಕ್ ಆಫ್ ವೆಲಿಂಗ್ಟನ್ನನು, ಸುಮ್ಮನಿರುವುದೇ ಎಲ್ಲರಿಗೂ ಕ್ಷೇಮವೆಂದು ಬುದ್ಧಿ ಹೇಳಿದನು. ಆದರೆ ಸುಮ್ಮನಿದ್ದರೆ ಅಪರಾಧವನ್ನು ಒಪ್ಪಿಕೊಂಡಂತಾಗುವುದೆಂದು ಕುಟುಂಬದವರಿಗೆ ತೋರಿತು.

ಆಗ ಅವರು ಹಿಡಿದ ದಾರಿಯು ಆ ಕಾಲಕ್ಕೆ ಹೊಸದು. ಫ್ಲೋರಾ ನಡೆದುದೆಲ್ಲವನ್ನೂ ವಿವರಿಸಿ, ಬ್ರಸೆಲ್ಸಿನಲ್ಲಿದ್ದ ತನ್ನ ಬಂಧುವಾದ ಹ್ಯಾಮಿಲ್ಟನ್ ಫಿಟ್ಸ್‌ಜೆರಾಲ್ಡನಿಗೆ ಮಾರ್ಚಿಯಲ್ಲಿ ಪತ್ರ ಬರೆದಿದ್ದಳು. ಅದರ ಮುಖ್ಯಭಾಗವನ್ನು ಅವನು 'ಎಕ್ಸಾಮಿನರ್' ಪತ್ರಿಕೆಯಲ್ಲಿ ಮಾರ್ಚಿ ೨೪ರಂದು ಪ್ರಕಟಿಸಿದನು. ಮುಂದಿನ ತಿಂಗಳು ತಾಯಿಯು ಮೆಲ್ಬರ್ನನೊಡನೆ ನಡೆದ ಪತ್ರವ್ಯವಹಾರವನ್ನು 'ಮಾರ್ನಿಂಗ್ ಪೋಸ್ಟ್' ಪತ್ರಿಕೆಗೆ ಕೊಟ್ಟಳು. ಅರಮನೆಯ ಗೋಡೆಯೊಳಗೆ ಪಿಸುಮಾತಾಗಿದ್ದುದು ಈಗ ಕಾಫಿಯಂಗಡಿಯ ಮಾತಾಯಿತು. ವೃತ್ತಪತ್ರಿಕೆಯ ಓದುಗರೇ ನ್ಯಾಯಾಧೀಶರಾದರು. ಅವರ ತೀರ್ಪು ಫ್ಲೋರಾಳ ಕಡೆಗಿತ್ತು. ಆದರೆ ಕುಲೀನಳೊಬ್ಬಳು ತನ್ನ ಶರೀರದ ವಿಚಾರವನ್ನು ಊರೆಲ್ಲವೂ ಓದುವುದನ್ನು ಸಹಿಸಬೇಕಾದುದೂ ಆ ನ್ಯಾಯಕ್ಕೆ ತೆತ್ತ ಬೆಲೆಯೇ ಎಂಬುದನ್ನು ಮರೆಯಲಾಗದು.

ಅಷ್ಟರಲ್ಲಿ ರಾಜಕೀಯದ ಒಂದು ಸಂಕಟವೂ ಒದಗಿತು. ಮೇ ತಿಂಗಳಲ್ಲಿ ಪಾರ್ಲಿಮೆಂಟಿನಲ್ಲಿ ಕೇವಲ ಐದು ಮತಗಳ ಹೆಚ್ಚಳದಿಂದ ಗೆದ್ದ ಮೆಲ್ಬರ್ನನು, ಅದು ಸೋಲಿಗೆ ಸಮಾನವೆಂದು ರಾಜೀನಾಮೆ ಕೊಟ್ಟನು. ಟೋರಿ ಮುಖಂಡನಾದ ಸರ್ ರಾಬರ್ಟ್ ಪೀಲನು, ಹೊಸ ಮಂತ್ರಿಮಂಡಲದ ಮೇಲೆ ರಾಣಿಗೆ ವಿಶ್ವಾಸವಿದೆಯೆಂದು ತೋರುವಂತೆ ಸಖಿಯರಲ್ಲಿ ಕೆಲವರನ್ನು ಬದಲಾಯಿಸಬೇಕೆಂದು ಕೇಳಿದನು. ರಾಣಿಯು ಒಬ್ಬರನ್ನೂ ಬಿಡಲೊಪ್ಪಲಿಲ್ಲ. ಪೀಲನು ಹಿಂದೆಗೆದನು; ಮೆಲ್ಬರ್ನನೇ ಮತ್ತೆ ಪ್ರಧಾನಿಯಾದನು. ಚರಿತ್ರೆಯ ಪುಸ್ತಕಗಳಲ್ಲಿ ಇದು ಪ್ರತ್ಯೇಕವಾದ ಒಂದು ಅಧ್ಯಾಯವಾಗಿ ಕಾಣುತ್ತದೆ. ಆದರೆ ಅಂದಿನ ಜನರ ಮನಸ್ಸಿನಲ್ಲಿ ಎರಡೂ ಒಂದೇ ಕಥೆ: ನಿರಪರಾಧಿಯ ಮಾನವನ್ನು ಕಳೆದ ಸಖಿಯರನ್ನೇ ರಾಣಿಯು ಕಾಪಾಡಿಕೊಂಡಳು ಎಂದು. ಆ ಬೇಸಗೆಯಲ್ಲಿ ಆಸ್ಕಟ್ ಕುದುರೆಪಂದ್ಯಕ್ಕೆ ಹೋದಾಗ ಕುಲೀನ ಸ್ತ್ರೀಯರೇ ರಾಣಿಯನ್ನು ಕಂಡು ಛೀಗುಟ್ಟಿದರು. 'ಮಿಸೆಸ್ ಮೆಲ್ಬರ್ನ್' ಎಂದು ಕೂಗಿದವರೂ ಇದ್ದರು.

ಫ್ಲೋರಾ ತನ್ನ ಗೌರವಕ್ಕಾಗಿ ಕೆಲಸವನ್ನು ಬಿಡದೆ, ಸಮಾರಂಭಗಳಲ್ಲಿ ಕಾಣಿಸಿಕೊಳ್ಳುತ್ತಲೇ ಇದ್ದಳು. ಬಿಟ್ಟುಹೋದರೆ ನಾಚಿಕೆಯಿಂದ ಹೋದಳೆನ್ನುವರೆಂಬ ಭಯ. ದೇಹವು ಮಾತ್ರ ದಿನದಿನಕ್ಕೆ ಸೊರಗುತ್ತ ಬಂದಿತು. ಜೂನ್ ಹೊತ್ತಿಗೆ ಹಾಸಿಗೆ ಹಿಡಿದಳು. ಇದೇ ಸಮಯದಲ್ಲಿ ವೆಲಿಂಗ್ಟನ್ನನ ಪ್ರಯತ್ನದಿಂದ ಕಾನ್ರಾಯನು ಡಚೆಸ್ಸಳ ಸೇವೆಯನ್ನು ಬಿಟ್ಟು ಹೊರಟನು. ತಿಂಗಳ ಕೊನೆಯಲ್ಲಿ ರಾಣಿಯು ಒಬ್ಬಳೇ ಫ್ಲೋರಾಳ ಕೋಣೆಗೆ ಹೋದಳು. ಅಸ್ಥಿಪಂಜರದಂತೆ ಕೃಶವಾದ ಶರೀರ, ಆದರೂ ಉಬ್ಬಿದ ಹೊಟ್ಟೆ: ಆ ದೃಶ್ಯವನ್ನು ರಾಣಿಯು ತನ್ನ ದಿನಚರಿಯಲ್ಲಿ ದಾಖಲೆ ಮಾಡಿದ್ದಾಳೆ. ಫ್ಲೋರಾ ಆಕೆಯ ಕೈಯನ್ನು ಹಿಡಿದುಕೊಂಡು, ತೋರಿದ ಉಪಕಾರಕ್ಕಾಗಿ ವಂದನೆಯನ್ನು ಹೇಳಿದಳು. ಅವರಿಬ್ಬರೂ ಮತ್ತೆ ಸಂಧಿಸಲಿಲ್ಲ. ೧೮೩೯ರ ಜುಲೈ ೫ರ ಬೆಳಗಿನ ಜಾವದಲ್ಲಿ, ಬಕಿಂಗ್‌ಹ್ಯಾಮ್ ಅರಮನೆಯಲ್ಲಿಯೇ ಫ್ಲೋರಾ ಪ್ರಾಣಬಿಟ್ಟಳು. ಆಗ ಆಕೆಗೆ ಮೂವತ್ತಮೂರು ವರ್ಷ.

ಸತ್ತ ಬಳಿಕ ತನ್ನ ದೇಹವನ್ನು ಕೊಯ್ದು ಪರೀಕ್ಷಿಸಬೇಕೆಂಬುದು ಆಕೆಯ ಇಚ್ಛೆಯಾಗಿತ್ತು. ಬದುಕಿದ್ದಾಗ ದೊರೆಯದ ಖುಲಾಸೆಯನ್ನು ಮರಣದ ಅನಂತರವಾದರೂ ಪಡೆಯಬೇಕೆಂದು ಬಯಸಿದ್ದಳು. ವೈದ್ಯರು ಪರೀಕ್ಷಿಸಿದಾಗ ಯಕೃತ್ತು ವಿಪರೀತವಾಗಿ ಹಿಗ್ಗಿ ಹೊಟ್ಟೆಯ ಇತರ ಅವಯವಗಳನ್ನು ಒತ್ತಿದ್ದುದು ಕಂಡುಬಂದಿತು. ಅದೊಂದು ಮಾರಕವಾದ ಗೆಡ್ಡೆಯಾಗಿದ್ದಿರಬೇಕೆಂಬುದು ಈಚಿನವರ ಸಾಮಾನ್ಯವಾದ ಅಭಿಪ್ರಾಯ. ಅಂತೂ ಅಪವಾದವು ಆಕೆಯ ರೋಗವನ್ನು ಹುಟ್ಟಿಸಲಿಲ್ಲ; ಅಂದಿನ ಯಾವ ವೈದ್ಯನೂ ಆಕೆಯನ್ನು ಉಳಿಸಲಾಗುತ್ತಿರಲಿಲ್ಲ. ಆದರೆ ಸಾಯುತ್ತಿದ್ದ ಒಬ್ಬಳನ್ನು, ಆಕೆಯ ರೋಗದ ಲಕ್ಷಣವನ್ನೇ ಅಪರಾಧದ ಸಾಕ್ಷ್ಯವಾಗಿ ಮಾಡಿ, ಕೊನೆಯ ತಿಂಗಳುಗಳ ನೆಮ್ಮದಿಯನ್ನು ಕಸಿದುಕೊಂಡರು. ಶವವನ್ನು ಹಡಗಿನಲ್ಲಿ ಸ್ಕಾಟ್ಲೆಂಡಿಗೆ ಸಾಗಿಸಿ ಲೌಡನ್ನಿನಲ್ಲಿ ಸಮಾಧಿ ಮಾಡಿದರು. ಲಂಡನ್ನಿನಲ್ಲಿ ಮೆರವಣಿಗೆಯು ಹೊರಟಾಗ, ರಾಣಿಯು ಗೌರವಾರ್ಥವಾಗಿ ಕಳುಹಿಸಿದ್ದ ಗಾಡಿಯ ಮೇಲೆ ಜನರು ಕಲ್ಲೆಸೆದರು.

ಈ ಕಥೆಯಲ್ಲಿ ಕೇಡಿಗನೆಂದು ಒಬ್ಬನನ್ನು ಬೆರಳುಮಾಡಿ ತೋರಿಸುವುದು ಕಷ್ಟ. ರಾಣಿಗೆ ಇನ್ನೂ ಇಪ್ಪತ್ತು ವರ್ಷ, ಬಾಲ್ಯದಲ್ಲಿ ನೊಂದವಳು. ಸಖಿಯರು ರಾಣಿಯ ಮರ್ಯಾದೆಯನ್ನು ಕಾಪಾಡುವೆವೆಂದೇ ಭಾವಿಸಿದ್ದರು. ಮಂತ್ರಿಯು ಗದ್ದಲವಾಗದಿರಲೆಂದು ಬಯಸಿದನು. ವೈದ್ಯನು ಒಡತಿಯ ಮನಸ್ಸನ್ನು ನೋಡಿ ಮಾತನಾಡಿದನು. ಒಬ್ಬೊಬ್ಬರೂ ಸ್ವಲ್ಪಸ್ವಲ್ಪವಾಗಿ ತಮ್ಮ ಕರ್ತವ್ಯದಿಂದ ಜಾರಿದರು. ಎಲ್ಲ ಸೇರಿದಾಗ ಅದು ಘೋರವಾದ ಅನ್ಯಾಯವಾಯಿತು. ಸಂಶಯವು ಹುಟ್ಟಿದ ದಿನವೇ ಯಾರಾದರೊಬ್ಬರು ಫ್ಲೋರಾಳ ಬಳಿಗೆ ಹೋಗಿ, ನಿನ್ನ ಆರೋಗ್ಯವು ಹೇಗಿದೆಯೆಂದು ಸ್ನೇಹದಿಂದ ವಿಚಾರಿಸಿದ್ದರೆ, ಇಷ್ಟು ದೂರ ಬರುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

೧೮೪೦ರ ಜನವರಿಯಲ್ಲಿ ತಾಯಿಯೂ ಮಗಳನ್ನು ಹಿಂಬಾಲಿಸಿದಳು. ಫೆಬ್ರವರಿಯಲ್ಲಿ ರಾಣಿಯು ಆಲ್ಬರ್ಟ್ ರಾಜಕುಮಾರನನ್ನು ವಿವಾಹವಾದಳು. ಕ್ರಮೇಣ ಅರಮನೆಯಲ್ಲಿ ಪಕ್ಷಗಳು ಅಡಗಿದವು. ೧೮೪೨ರಲ್ಲಿ ಲೇಜೆನಳು ಸ್ವದೇಶಕ್ಕೆ ಮರಳಿದಳು. ತಾಯಿ ಮಗಳು ಒಂದಾದರು. ಜನರು ಎಲ್ಲವನ್ನೂ ಮರೆತರು. ೧೮೪೧ರಲ್ಲಿ ಫ್ಲೋರಾಳ ತಂಗಿ ಸೋಫಿಯಾ ಅಕ್ಕನ ಕವಿತೆಗಳನ್ನು ಒಟ್ಟುಗೂಡಿಸಿ ಅಚ್ಚುಮಾಡಿಸಿದಳು. ಲೌಡನ್ನಿನ ಕೋಟೆಮನೆಯು ೧೯೪೧ರಲ್ಲಿ ಬೆಂಕಿಗೆ ಆಹುತಿಯಾಗಿ, ಗೋಡೆಗಳು ಮಾತ್ರ ಉಳಿದವು. ಮನೆಯು ಪಾಳಾದರೂ ಪುಸ್ತಕವು ಉಳಿದಿದೆ. ಫ್ಲೋರಾಳ ಹೆಸರನ್ನು ಅಪವಾದದ ಮೂಲಕವೇ ತಿಳಿದವರು ಆಕೆಯನ್ನು ಆಕೆಯ ಸ್ವಂತ ಮಾತಿನ ಮೂಲಕವೂ ತಿಳಿಯಲಿ ಎಂಬುದೇ ತಂಗಿಯ ಅಭಿಲಾಷೆಯಾಗಿದ್ದಿರಬೇಕು. ಅದು ನ್ಯಾಯವಾದ ಅಭಿಲಾಷೆಯೆಂದು ಹೇಳಿ ಈ ಪ್ರಸಂಗವನ್ನು ಮುಗಿಸುತ್ತೇವೆ.